ಮೂಟೆಯಲ್ಲಿದೆ ಮಗುವಿನ ತಿಂಡಿ

“ನಮ್ಮ ಮಗು ಏನೂ ತಿನ್ನೋದಿಲ್ಲ ಫಾದರ್.” ಆದೋನಿಯಿಂದ ಹೊಳಗುಂದದ ಕಡೆಗಾಗಲಿ, ಕೌತಾಳದ ಕಡೆಗಾಗಲಿ ಹೋಗಿ ಯಾವ ಮನೆಯ ಕಟ್ಟೆಯ ಮೇಲೆ ಕುಳಿತರೂ ತಾಯಂದಿರಿಂದ ಕೇಳಿಬರುವ ಮಾತು ಇದು. ಹೀಗೆ ಹೇಳುವಾಗಲೇ ಮಗುವಿನ ಕೈಯಲ್ಲಿ 5 ರೂಪಾಯಿಯ ಬಣ್ಣದ ಪೊಟ್ಟಣ ಇರುತ್ತದೆ. ಅದೇ ಮನೆಯ ಮೂಲೆಯಲ್ಲಿ ಶೇಂಗಾ ಮೂಟೆ, ಡಬ್ಬದಲ್ಲಿ ಸಜ್ಜೆ, ಗೂಡಿನಲ್ಲಿ ಬೆಲ್ಲ. ಮದುವೆಯಾಗದ ಗುರುವಿಗೆ ಮಕ್ಕಳ ತಿಂಡಿಯ ಚಿಂತೆ ಏಕೆ ಎಂದು ನೀವು ನಗಬಹುದು. ಪೂಜೆಯ ಹೊತ್ತಿನಲ್ಲಿ ಚಪ್ಪರದ ಕೆಳಗೆ ಎಷ್ಟು ಪೊಟ್ಟಣ ಒಡೆಯುತ್ತವೆ ಎಂಬುದು ಪೀಠದ ಬಳಿ ನಿಂತವನಿಗೆ ಚೆನ್ನಾಗಿ ಕೇಳಿಸುತ್ತದೆ. ಹಾಗಾಗಿ ಬರೆಯುವ ಹಕ್ಕು ನನಗೂ ಸ್ವಲ್ಪ ಇದೆ.

ಮೊದಲು ಒಂದು ಲೆಕ್ಕ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಆಹಾರ ಬೇಕು. ಹೊಲದಲ್ಲಿ ದುಡಿಯುವ ತಾಯಿಗೆ ಬೇಕಾದುದರಲ್ಲಿ ಇದು ಹೆಚ್ಚುಕಡಿಮೆ ಅರ್ಧ! ಆದರೆ ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಯ ಅರ್ಧದಷ್ಟು ದೊಡ್ಡದೇ? 10 ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಒಂದೂವರೆ ಲೋಟದಷ್ಟು ಮಾತ್ರ. ದೊಡ್ಡವರಂತೆ ಮೂರು ಹೊತ್ತು ಉಣ್ಣಿಸಿ ಬಿಟ್ಟರೆ ಅದಕ್ಕೆ ಸಾಲುವುದಿಲ್ಲ. ಆದ್ದರಿಂದ ಊಟದ ಮಧ್ಯೆ ಎರಡು ಸಲ ಏನಾದರೂ ಕೊಡಲೇಬೇಕು. ನಾವು ‘ತಿಂಡಿ’ ಎಂದು ಹಗುರವಾಗಿ ಕರೆಯುವುದು ಈ ವಯಸ್ಸಿನಲ್ಲಿ ಬಾಯಿಚಪಲವಲ್ಲ, ಒಂದು ಸಣ್ಣ ಊಟವೇ. ಆ ಪುಟ್ಟ ಹೊಟ್ಟೆಯಲ್ಲಿ ಏನು ತುಂಬುತ್ತೇವೆ ಎಂಬುದು ಅದಕ್ಕೇ ಮುಖ್ಯ. ಬೆಳಿಗ್ಗೆ 11ಕ್ಕೆ ಉಪ್ಪು ಖಾರದ ಪೊಟ್ಟಣ ಖಾಲಿ ಮಾಡಿದ ಮಗು ಮಧ್ಯಾಹ್ನ ಮುದ್ದೆಯನ್ನು ನೋಡಿ ಮುಖ ತಿರುಗಿಸುತ್ತದೆ. ಆಗ “ಏನೂ ತಿನ್ನೋದಿಲ್ಲ” ಎನ್ನುತ್ತೇವೆ.

ಪೊಟ್ಟಣದ ಹಿಂಭಾಗದಲ್ಲಿ ತೂಕ ಬರೆದಿರುತ್ತದೆ, ಒಮ್ಮೆ ಓದಿ ನೋಡಿ. 5 ರೂಪಾಯಿಗೆ 15 ಗ್ರಾಂ ಎಂದಾದರೆ ಕಿಲೋಗೆ 333 ರೂಪಾಯಿ ಆಯಿತು. ಆದೋನಿಯ ಮಾರ್ಕೆಟ್ ಯಾರ್ಡಿಗೆ ಶೇಂಗಾ ಹೊತ್ತು ತಂದ ರೈತ ಎಂದಾದರೂ ಆ ಬೆಲೆ ಕಂಡಿದ್ದಾನೆಯೇ? ಒಳ್ಳೆಯದನ್ನು ಅಗ್ಗಕ್ಕೆ ಮಾರಿ, ಗಾಳಿ ತುಂಬಿದ್ದನ್ನು ದುಬಾರಿ ಬೆಲೆಗೆ ಕೊಳ್ಳುವ ವ್ಯಾಪಾರ ಇದು. ಹತ್ತಿಗೂ ಶೇಂಗಾಕ್ಕೂ ಹೆಸರಾದ ಪೇಟೆ ನಮ್ಮದು. ಇಲ್ಲಿನ ಮಕ್ಕಳು ಬಡಕಲಾಗಿರುವುದನ್ನು ನೋಡುವಾಗ ಮನಸ್ಸಿಗೆ ನೋವಾಗುತ್ತದೆ.

ಶೇಂಗಾದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 100 ಗ್ರಾಂ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನು, 560ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಶಕ್ತಿ ಇರುವ, ಬಡವರ ಕೈಗೆಟಕುವ ವಸ್ತು ಬೇರೆ ಸಿಗುವುದು ಕಷ್ಟ. 1996ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಎಂಬವರು ಮತ್ತೊಬ್ಬರೊಡನೆ ಸೇರಿ ಶೇಂಗಾ ಅರೆದು, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೀವಸತ್ವಗಳನ್ನು ಬೆರೆಸಿ ‘ಪ್ಲಂಪಿನಟ್’ ಎಂಬ ಲೇಹದಂಥ ಆಹಾರ ತಯಾರಿಸಿದರು. ಬೇಯಿಸಬೇಕಿಲ್ಲ, ನೀರು ಬೆರೆಸಬೇಕಿಲ್ಲ, ಕತ್ತರಿಸಿ ಬಾಯಿಗಿಟ್ಟರೆ ಸಾಕು. ಆಫ್ರಿಕಾದ ಬರಗಾಲದ ಊರುಗಳಲ್ಲಿ ತೀವ್ರವಾಗಿ ಬಡಕಲಾದ ಎಷ್ಟೋ ಮಕ್ಕಳು ಇದರಿಂದ ಬದುಕಿಕೊಂಡವು. ಅದರ ಮೂಲ ವಸ್ತು ನಮ್ಮ ಆಲೂರು, ಆಸ್ಪರಿ, ಪತ್ತಿಕೊಂಡದ ಹೊಲಗಳಲ್ಲಿ ಬೆಳೆಯುವುದೇ.

ಆದರೆ ತಾಯಂದಿರೇ, ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಸಣ್ಣ ಮಕ್ಕಳ ಕೈಗೆ ಇಡೀ ಶೇಂಗಾ ಬೀಜ ಕೊಡಬೇಡಿ. ನಾಲ್ಕೈದು ವರ್ಷ ತುಂಬುವವರೆಗೂ ಬೇಡ. ದವಡೆ ಹಲ್ಲು ಸರಿಯಾಗಿ ಬಾರದ ಮಗು ಅದನ್ನು ಅಗಿಯಲಾರದು; ನಗುವಾಗಲೋ ಅಳುವಾಗಲೋ ಬೀಜ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಶ್ವಾಸನಾಳದಲ್ಲಿ ಸಿಕ್ಕ ಬೀಜವನ್ನು ದೊಡ್ಡ ಆಸ್ಪತ್ರೆಯಲ್ಲಿ ಕೊಳವೆ ಹಾಕಿಯೇ ತೆಗೆಯಬೇಕು. ಏನೋ ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಆಮೇಲೆ ಉಸಿರಾಡುವಾಗ ಸಿಳ್ಳೆಯಂಥ ಸದ್ದು ಬರುತ್ತಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬಾಯೊಳಗೆ ಕುರುಡಾಗಿ ಬೆರಳು ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಇಡೀ ಪುಟಾಣಿ, ಸೀತಾಫಲದ ಬೀಜ, ಬಾರೆಹಣ್ಣಿನ ಗೊರಟೆ ಇವಕ್ಕೂ ಇದೇ ಎಚ್ಚರಿಕೆ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿದ ಶೇಂಗಾ ಆದರೆ ಆ ಭಯವಿಲ್ಲ. ಮೊದಲ ಸಲ ಚಿಟಿಕೆಯಷ್ಟೇ ಕೊಟ್ಟು ನೋಡಿ, ಕೆಲವು ಮಕ್ಕಳಿಗೆ ಒಗ್ಗುವುದಿಲ್ಲ. ಬೂಸು ಹಿಡಿದ, ಕಪ್ಪಾದ, ಕಹಿ ಬೀಜವನ್ನು ಮಾತ್ರ ಆರಿಸಿ ಎಸೆಯಿರಿ. ‘ಮಾರಿದರೆ ದುಡ್ಡು ಬರುವುದಿಲ್ಲ, ಮನೆಗೆ ಇರಲಿ’ ಎಂದು ಅದನ್ನೇ ಉಳಿಸಿಕೊಳ್ಳುವವರಿದ್ದಾರೆ. ಆ ಬೂಸಿನ ವಿಷ ಪಿತ್ತಜನಕಾಂಗಕ್ಕೆ ಕೇಡು; ಹುರಿದರೂ ಪೂರ್ತಿ ಹೋಗುವುದಿಲ್ಲ.

ಇನ್ನು ಏನು ಮಾಡಿಕೊಡಬಹುದು? ಹೊಸದನ್ನು ಕಲಿಯಬೇಕಿಲ್ಲ. ನಮ್ಮ ಉಗ್ಗಾಣಿಯನ್ನೇ ನೋಡಿ. ಮಂಡಕ್ಕಿ ನೆನೆಸಿ ಹಿಂಡಿ, ಈರುಳ್ಳಿ ಟೊಮೆಟೊ ಬಾಡಿಸಿ, ಮೇಲೆ ಪುಟಾಣಿ ಪುಡಿ ಉದುರಿಸುವ ಈ ತಿಂಡಿ ಹಲ್ಲಿಲ್ಲದ ಮಗುವಿಗೂ ಮೆತ್ತಗೆ. ಒಗ್ಗರಣೆಗೆ ಹಸಿಮೆಣಸಿನಕಾಯಿ ಹಾಕುವ ಮುಂಚೆ ಮಗುವಿನ ಪಾಲನ್ನು ತೆಗೆದಿಡಿ, ಪುಟಾಣಿ ಪುಡಿಯನ್ನು ಎರಡು ಚಮಚ ಜಾಸ್ತಿ ಹಾಕಿ. ಮಂಡಕ್ಕಿಯಲ್ಲಿ ಸತ್ವ ಕಡಿಮೆ, ಪುಡಿಯೇ ಅದರ ಜೀವ. ಬಜ್ಜಿಯನ್ನು ಅಪ್ಪನಿಗೆ ಬಿಡಿ.

ಸಜ್ಜೆ ರೊಟ್ಟಿ ಬಿಸಿಯಿರುವಾಗಲೇ ಚೂರು ಮಾಡಿ, ಸ್ವಲ್ಪ ಬೆಲ್ಲ, ಒಂದು ಚಮಚ ತುಪ್ಪ ಅಥವಾ ಶೇಂಗಾ ಎಣ್ಣೆ ಹಾಕಿ ಕಲಸಿ ಉಂಡೆ ಕಟ್ಟುವುದು ಅಜ್ಜಿಯಂದಿರಿಗೆ ಗೊತ್ತಿರುವ ವಿದ್ಯೆ. ಸಜ್ಜೆಯಲ್ಲಿ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು ಕಬ್ಬಿಣ ಇದೆ. ನವಣೆಯನ್ನು ಹೆಸರುಬೇಳೆಯೊಂದಿಗೆ ಮೆತ್ತಗೆ ಬೇಯಿಸಿದರೆ ಸಂಜೆಯ ಪೊಂಗಲ್. ವಿಶ್ವಸಂಸ್ಥೆ 2023ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು, ಪಟ್ಟಣದವರು ದುಬಾರಿ ಬೆಲೆ ಕೊಟ್ಟು ನವಣೆ ಕೊಂಡರು. ಹಳ್ಳಿಯಲ್ಲಿ ನಾವು ‘ಬಡವರ ಕಾಳು’ ಎಂದು ಅದನ್ನು ಬಿಟ್ಟು ಅಕ್ಕಿಗೆ ಹೋಗಿದ್ದೆವು. ಜೋಳದ ಅರಳನ್ನು ಪುಡಿ ಮಾಡಿ ಮೊಸರಲ್ಲಿ ಕಲಸಿದರೂ ಆಗುತ್ತದೆ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಎಲ್ಲರಿಗೂ ತಿಳಿದದ್ದೇ.

ಅಂಬಲಿಯ ವಿಷಯದಲ್ಲಿ ಒಂದು ಉಪಾಯ ಹೇಳಬೇಕು. ಮಗು ನುಂಗಲಿ ಎಂದು ಅಂಬಲಿಯನ್ನು ನೀರು ನೀರಾಗಿ ಮಾಡುತ್ತೇವೆ. ಹೊಟ್ಟೆ ನೀರಿನಿಂದ ತುಂಬಿ ಶಕ್ತಿ ಮಾತ್ರ ಸಿಗುವುದಿಲ್ಲ. ಸಜ್ಜೆ ಅಥವಾ ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿಟ್ಟುಕೊಳ್ಳಿ. ಮೊಳಕೆಯೊಡೆಯುವಾಗ ಕಾಳಿನ ಪಿಷ್ಟ ಒಡೆಯುವುದರಿಂದ ಆ ಹಿಟ್ಟು ಗಟ್ಟಿಯಾಗಿ ಅಂಟುವುದಿಲ್ಲ. ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗು ಸಲೀಸಾಗಿ ನುಂಗುತ್ತದೆ. ಜೋಳವನ್ನು ಮಾತ್ರ ಮಗುವಿಗಾಗಿ ಮೊಳಕೆ ಬರಿಸಬೇಡಿ, ಅದರ ಮೊಳಕೆಯಲ್ಲಿ ವಿಷದ ಅಂಶ ಇರುತ್ತದೆ.

ಚಹಾದಲ್ಲಿ ಬಿಸ್ಕೆಟ್ ಅದ್ದಿ ಕೊಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಚಹಾ ಆಹಾರದಲ್ಲಿನ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ರಕ್ತ ಕಡಿಮೆಯಿರುವ ಮಗುವಿಗೆ ಅದು ಇನ್ನಷ್ಟು ನಷ್ಟ. ಬದಲಿಗೆ ಪೇರಲ, ನಿಂಬೆ, ಟೊಮೆಟೊ ಕೊಟ್ಟರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ. ಬೆಲೆ ಬಿದ್ದಾಗ ಪತ್ತಿಕೊಂಡದ ರೈತರು ಟೊಮೆಟೊವನ್ನು ರಸ್ತೆಗೆ ಸುರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಆಗಲಾದರೂ ಮಕ್ಕಳ ಬಟ್ಟಲಿಗೆ ಧಾರಾಳವಾಗಿ ಬೀಳಲಿ.

ಇಷ್ಟೆಲ್ಲ ಮನೆಯಲ್ಲಿರುವವರ ಮಾತಾಯಿತು. ಕೋಸಿಗಿ, ಕೌತಾಳ, ಪೆದ್ದಕಡಬೂರು, ಮಂತ್ರಾಲಯದ ಕಡೆಯ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ಮನೆಗೆ ಬೀಗ ಹಾಕಿ, ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಗುಂಟೂರಿನ ಕಡೆ ಗುಳೆ ಹೋಗುತ್ತವೆ. ಬೆಳಕು ಹರಿಯುವ ಮುಂಚೆ ಅನ್ನ ಮಾಡಿ ಹೊಲಕ್ಕೆ ಹೊರಟರೆ ಮರಳುವುದು ಸಂಜೆಗೆ. ಮಗು ಹೊಲದ ಬದುವಿನಲ್ಲಿ ಸೀರೆಯ ನೆರಳಲ್ಲಿ, ಇಲ್ಲವೇ ಊರಲ್ಲೇ ಅಜ್ಜಿಯ ಹತ್ತಿರ. ಬಿಸಿಲಿಗೆ ಅನ್ನ ಹಳಸುತ್ತದೆ, ಒಲೆ ಹಚ್ಚಲು ಆಗದು. ಪೊಟ್ಟಣ ಗೆಲ್ಲುವುದು ಇಲ್ಲೇ. ಅದು ಕೆಡುವುದಿಲ್ಲ, ಅಳು ನಿಲ್ಲಿಸುತ್ತದೆ. ಆ ತಾಯಿಯನ್ನು ಬೈಯುವುದು ಸುಲಭ, ನಾನಂತೂ ಬೈಯಲಾರೆ.

ಅವರಿಗೆ ಬೇಕಾದುದು ಕೆಡದ, ಬೇಯಿಸಬೇಕಿಲ್ಲದ ತಿಂಡಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಬಹಳ ಹಿಂದೆಯೇ ಅಂಥದೊಂದನ್ನು ರೂಪಿಸಿದ್ದಾರೆ. ಅದಕ್ಕೆ ‘ಹೈದರಾಬಾದ್ ಮಿಕ್ಸ್’ ಎಂದೇ ಹೆಸರು. ಹುರಿದ ಗೋಧಿ 40 ಗ್ರಾಂ, ಹುರಿದ ಕಡಲೆ 16 ಗ್ರಾಂ, ಹುರಿದ ಶೇಂಗಾ 10 ಗ್ರಾಂ, ಬೆಲ್ಲ 20 ಗ್ರಾಂ. ಇಷ್ಟರಲ್ಲಿ 330 ಕ್ಯಾಲೊರಿ, 11 ಗ್ರಾಂ ಪ್ರೋಟೀನು ಸಿಗುತ್ತದೆ, ಅಂದರೆ ಮಗುವಿನ ಒಂದು ದಿನದ ಶಕ್ತಿಯಲ್ಲಿ ಮೂರರಲ್ಲೊಂದು ಪಾಲು. ಅಜ್ಜಿಯರು ಹುರಿಹಿಟ್ಟು ಎಂದು ಮಾಡುತ್ತಿದ್ದುದಕ್ಕೆ ವಿಜ್ಞಾನಿಗಳು ತಕ್ಕಡಿ ಹಿಡಿದರು ಅಷ್ಟೇ. ನಮ್ಮಲ್ಲಿ ಗೋಧಿಯ ಬದಲು ಸಜ್ಜೆಯನ್ನೋ ನವಣೆಯನ್ನೋ ಹಾಕಿಕೊಳ್ಳಬಹುದು. ಎಲ್ಲವನ್ನೂ ಬೇರೆ ಬೇರೆ ಹುರಿದು, ಪೂರ್ತಿ ಆರಿಸಿ, ನುಣ್ಣಗೆ ಬೀಸಿ, ಒಣ ಡಬ್ಬದಲ್ಲಿ ಮುಚ್ಚಿಡಿ. ಶೇಂಗಾ ಎಣ್ಣೆ ಬಿಡುವುದರಿಂದ ತಿಂಗಳಿಗಿಂತ ಹೆಚ್ಚು ಇಡಬೇಡಿ. ಬೆಲ್ಲವನ್ನು ಆಯಾ ಹೊತ್ತಿಗೆ ಬೆರೆಸಿದರೆ ಇನ್ನೂ ಒಳ್ಳೆಯದು. ಎರಡು ವರ್ಷದೊಳಗಿನ ಮಗುವಿಗೆ ಸಿಹಿಯನ್ನು ಅರ್ಧಕ್ಕಿಳಿಸಿ. ಕುದಿಸಿ ಆರಿಸಿದ ನೀರಲ್ಲಿ ಕಲಸಿ, ಕೈ ತೊಳೆದು ತಿನ್ನಿಸಿ. ಹೊಲದ ನೀರಲ್ಲಿ ಕಲಸಿದರೆ ಭೇದಿ ಹತ್ತಿ, ಒಳಗೆ ಹೋದದ್ದೆಲ್ಲ ಹೊರಗೆ ಹೋಗುತ್ತದೆ.

ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಬಾಲಾಮೃತಂ ಪುಡಿ ಮನೆಗೇ ಬರುತ್ತದೆ. ಅದು ಮಗುವಿನ ಪಾಲು, ಮನೆಮಂದಿಯ ಉಂಡೆಗಲ್ಲ, ಎಮ್ಮೆಯ ಬಾನಿಗಂತೂ ಅಲ್ಲವೇ ಅಲ್ಲ. ಗುಳೆ ಹೋಗುವವರು ಹೊರಡುವ ಮುಂಚೆ ಅಂಗನವಾಡಿ ಟೀಚರಮ್ಮನಿಗೆ ತಿಳಿಸಿ, ಮಗುವಿನ ಕಾರ್ಡು, ಆಧಾರ್ ಜೊತೆಗಿಟ್ಟುಕೊಳ್ಳಿ. ಹೋದ ಊರಿನ ಅಂಗನವಾಡಿಯಲ್ಲೂ ಹೆಸರು ಬರೆಸಲು ಕೇಳಿ. ಹಾಗೆಯೇ ಮಗುವಿನ ತೋಳಿನ ಅಳತೆ ಹಿಡಿಸಿ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಉಂಡೆಗಳಿಂದ ಆಗುವ ಕೆಲಸವಲ್ಲ, ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ಕಿಲೋ ಗೋಧಿ ಅಥವಾ ಸಜ್ಜೆಗೆ 400 ಗ್ರಾಂ ಪುಟಾಣಿ, ಕಾಲು ಕಿಲೋ ಶೇಂಗಾ, ಅರ್ಧ ಕಿಲೋ ಬೆಲ್ಲ. ನಾಲ್ಕಾರು ಮನೆಯವರು ಸೇರಿ ಹುರಿದು ಗಿರಣಿಗೆ ಒಟ್ಟಿಗೇ ಕೊಟ್ಟರೆ ಸೌದೆಯೂ ಉಳಿಯುತ್ತದೆ, ಬೀಸುವ ಕೂಲಿಯೂ ಹಂಚಿಹೋಗುತ್ತದೆ. ಗಿರಣಿಯವನಿಗೆ ಮಾತ್ರ ಮೊದಲೇ ಹೇಳಿ, ಖಾರದ ಪುಡಿ ಬೀಸಿದ ಕೂಡಲೇ ಇದನ್ನು ಹಾಕಬಾರದೆಂದು.