ಇದು ನಾನಲ್ಲ!

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ 1954ರ ನವೆಂಬರ್ 30ರಂದು ಕಿಕ್ಕಿರಿದ ಸಭೆ. ಪ್ರಧಾನಿ ವಿನ್‌ಸ್ಟನ್ ಚರ್ಚಿಲ್‌ಗೆ ಅಂದು ಎಂಬತ್ತು ತುಂಬಿತ್ತು. ಸಂಸತ್ತಿನ ಎರಡೂ ಸದನಗಳ ಸದಸ್ಯರು ಚಂದಾ ಕೂಡಿಸಿ, ಒಂದು ಸಾವಿರ ಗಿನಿ ಕೊಟ್ಟು ಬರೆಸಿದ ಭಾವಚಿತ್ರವನ್ನು ಅವನಿಗೆ ಅರ್ಪಿಸಿದರು. ಚಿತ್ರದ ಕಡೆ ತಿರುಗಿದ ಚರ್ಚಿಲ್, ಇದು ಆಧುನಿಕ ಕಲೆಯ ಗಮನಾರ್ಹ ಮಾದರಿ ಎಂದ. ಸಭೆ ಗೊಳ್ಳೆಂದು ನಕ್ಕಿತು. ಚಿತ್ರ ಬರೆದವನ ಪಾಡು ಏನಾಗಿರಬೇಡ!

ಬರೆದವನು ಗ್ರೇಹಮ್ ಸದರ್ಲೆಂಡ್. ಸಾಹಿತಿ ಸಾಮರ್‌ಸೆಟ್ ಮಾಮ್‌ನ ಭಾವಚಿತ್ರದಿಂದ 1949ರಲ್ಲಿ ಹೆಸರು ಮಾಡಿದ್ದವನು. ಮುಖದ ಸುಕ್ಕನ್ನು ತೀಡಿ ನುಣುಪು ಮಾಡುವ ಜಾಯಮಾನ ಅವನದಲ್ಲ. ಅದು ಗೊತ್ತಿದ್ದೇ ಅವನನ್ನು ಕರೆಸಿದ್ದರು. 1954ರ ಆಗಸ್ಟ್‌ನಿಂದ ಚರ್ಚಿಲ್‌ನ ಚಾರ್ಟ್‌ವೆಲ್ ಮನೆಯಲ್ಲಿ ಸಿಟ್ಟಿಂಗ್ ನಡೆದವು. ನನ್ನನ್ನು ಮುದ್ದು ದೇವಶಿಶುವಿನಂತೆ ಬರೆಯುತ್ತೀಯೋ, ಬುಲ್‌ಡಾಗ್‌ನಂತೆಯೋ ಎಂದು ಚರ್ಚಿಲ್ ತಮಾಷೆ ಮಾಡಿದ್ದನಂತೆ. ಅವನಿಗೆ ಗಾರ್ಟರ್ ಪದವಿಯ ನಿಲುವಂಗಿಯಲ್ಲಿ ಮೆರೆಯುವ ಆಸೆ. ಸಂಸತ್ತಿನವರಿಗೆ ದಿನನಿತ್ಯದ ಸದನದ ಉಡುಪೇ ಬೇಕು. ತಕರಾರಿನ ಬೀಜ ಅಲ್ಲೇ ಬಿದ್ದಿತ್ತು: ಹಣ ಕೊಡುವವರು ಒಬ್ಬರು, ಕೂರುವವನು ಇನ್ನೊಬ್ಬ.

ಹಿಂದಿನ ವರ್ಷವಷ್ಟೇ ಚರ್ಚಿಲ್‌ಗೆ ಪಾರ್ಶ್ವವಾಯು ಬಡಿದಿತ್ತು. ಸದರ್ಲೆಂಡ್ ಬರೆದದ್ದು ಕುರ್ಚಿಯ ತೋಳುಗಳನ್ನು ಹಿಡಿದು ಕುಗ್ಗಿ ಕೂತ, ಮೊಂಡುಬಿದ್ದ ಮುದುಕನನ್ನು. ಸಮಾರಂಭಕ್ಕೆ ಮೊದಲೇ ಚಿತ್ರ ಹೇಗಿದೆಯೆಂದು ತಿಳಿದ ಚರ್ಚಿಲ್, ಇದನ್ನು ಒಪ್ಪಲಾರೆ, ಚಿತ್ರವಿಲ್ಲದೆಯೇ ಸಮಾರಂಭ ನಡೆಯಲಿ ಎಂದು ಕಲಾವಿದನಿಗೆ ಕಾಗದ ಬರೆದ. ಕೊಟ್ಟವರ ಮನಸ್ಸು ನೋಯುತ್ತದೆಂದು ಸಮಜಾಯಿಷಿ ಹೇಳಿದ ಮೇಲೆ ಒಪ್ಪಿದ. ಆ ನಗೆಚಾಟಿಕೆಯ ಹಿಂದಿನ ಕತೆ ಇದು. ವಿಚಿತ್ರವೆಂದರೆ ಚರ್ಚಿಲ್ ಸ್ವತಃ ಕುಂಚ ಹಿಡಿಯುತ್ತಿದ್ದವನು.

ಇಂಥ ಪೇಚು ಹೊಸದೇನಲ್ಲ. ಮುನ್ನೂರು ವರ್ಷ ಮೊದಲು, 1654ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಒಬ್ಬ ಪೋರ್ಚುಗೀಸ್ ವರ್ತಕ ರೆಂಬ್ರಾಂಟ್‌ನ ಮೇಲೆ ಹರಿಹಾಯ್ದ. ಒಬ್ಬ ಹುಡುಗಿಯ ಚಿತ್ರಕ್ಕೆ 75 ಗಿಲ್ಡರ್ ಮುಂಗಡ ಕೊಟ್ಟಿದ್ದ. ಹುಡುಗಿಗೂ ಚಿತ್ರಕ್ಕೂ ಹೋಲಿಕೆಯೇ ಇಲ್ಲ, ಅವಳು ಊರು ಬಿಡುವುದರೊಳಗೆ ತಿದ್ದು, ಇಲ್ಲವೇ ಹಣ ವಾಪಸು ಮಾಡು ಎಂದು ನೋಟರಿಯ ಮೂಲಕ ಹೇಳಿಕಳಿಸಿದ. ರೆಂಬ್ರಾಂಟ್ ಕೂಗಾಡಲಿಲ್ಲ, ಕಾಲಿಗೂ ಬೀಳಲಿಲ್ಲ. ಬಾಕಿ ಹಣ ಕೊಡು, ಇಲ್ಲವೇ ಜಾಮೀನು ಕೊಡು. ಅಲ್ಲಿಯವರೆಗೆ ಕುಂಚ ಮುಟ್ಟುವುದಿಲ್ಲ. ಆಮೇಲೆ ಚಿತ್ರ ಮುಗಿಸುತ್ತೇನೆ. ಹೋಲುತ್ತದೋ ಇಲ್ಲವೋ ಚಿತ್ರಕಾರರ ಸಂಘದ ಹಿರಿಯರು ಹೇಳಲಿ. ಹೋಲುವುದಿಲ್ಲ ಎಂದರೆ ತಿದ್ದುತ್ತೇನೆ. ಆಗಲೂ ನಿನಗೆ ರುಚಿಸದಿದ್ದರೆ ನನ್ನಲ್ಲೇ ಇಟ್ಟುಕೊಂಡು, ಮುಂದೆ ನನ್ನ ಚಿತ್ರಗಳನ್ನು ಹರಾಜು ಹಾಕುವಾಗ ಮಾರುತ್ತೇನೆ. ಎರಡೇ ವರ್ಷದಲ್ಲಿ ದಿವಾಳಿಯಾಗಲಿದ್ದ ಮನುಷ್ಯನ ಉತ್ತರ ಇದು! ಹಣದ ವಿಷಯದಲ್ಲಿ ಬುದ್ಧಿ ಸಾಲದವನೆಂದು ಅವನನ್ನು ಆಡಿಕೊಳ್ಳುವವರು ಈ ಕಾಗದವನ್ನೊಮ್ಮೆ ನೋಡಬೇಕು. ಮುಂಗಡ, ಬಾಕಿ, ಮೂರನೆಯವರ ತೀರ್ಪು, ತಿದ್ದುಪಡಿ, ಕೊನೆಗೆ ಚಿತ್ರದ ಒಡೆತನ ಎಲ್ಲವೂ ಅದರಲ್ಲಿವೆ.

ಅಮೆರಿಕದ ಪೀಟರ್ ಹರ್ಡ್‌ಗೆ ಒದಗಿದ್ದು ಬೇರೆ ಬಗೆಯ ಗ್ರಹಚಾರ. ಅಧ್ಯಕ್ಷ ಲಿಂಡನ್ ಜಾನ್ಸನ್ ಸರಿಯಾಗಿ ಕೂತದ್ದು ಒಂದೇ ಸಲ, ಅದರಲ್ಲೂ ತೂಕಡಿಸಿಬಿಟ್ಟ. ಹರ್ಡ್ ಫೋಟೋಗಳನ್ನು ನಂಬಿ ಚಿತ್ರ ಮುಗಿಸಬೇಕಾಯಿತು. ತಾನು ಕಂಡದ್ದರಲ್ಲೆಲ್ಲ ಅತಿ ಕುರೂಪ ಇದೇ ಎಂದು ಜಾನ್ಸನ್ ಹೇಳಿದ ಮಾತು 1967ರಲ್ಲಿ ಪತ್ರಿಕೆಗಳ ಬಾಯಿಗೆ ಬಿತ್ತು. ಹರ್ಡ್ ಚಿತ್ರವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಗ್ಯಾಲರಿಗೆ ಕೊಟ್ಟ. ಜಾನ್ಸನ್ ಅಧಿಕಾರದಲ್ಲಿ ಇರುವಷ್ಟು ದಿನ ಗ್ಯಾಲರಿ ಅದನ್ನು ಹೊರಗೆ ತೂಗುಹಾಕಲಿಲ್ಲ. ಚಿತ್ರವಂತೂ ಉಳಿಯಿತು.

ಸದರ್ಲೆಂಡ್‌ಗೆ ಆ ಭಾಗ್ಯವೂ ಇರಲಿಲ್ಲ. ಚಿತ್ರ ಕೊಟ್ಟಾಗಿತ್ತು, ಅದು ಇನ್ನು ಚರ್ಚಿಲ್ ಮನೆಯ ಸೊತ್ತು. ಅವನು ಕೆಲಸ ಬಿಡಲಿಲ್ಲ. 1957ರಲ್ಲಿ ಸೌಂದರ್ಯವರ್ಧಕಗಳ ಒಡತಿ ಹೆಲೆನಾ ರುಬಿನ್‌ಸ್ಟೈನ್‌ಳನ್ನು ಬರೆದ. ಮೊದಲು ನೋಡಿ ಬೆಚ್ಚಿಬಿದ್ದ ಆಕೆ, ಟೇಟ್ ಗ್ಯಾಲರಿಯಲ್ಲಿ ಪ್ರದರ್ಶನವಾದ ಮೇಲೆ ಒಪ್ಪಿಕೊಂಡಳು. ಕಾವೆಂಟ್ರಿ ಕೆಥೆಡ್ರಲ್‌ಗಾಗಿ ಅವನು ರೂಪಿಸಿದ ಕ್ರಿಸ್ತನ ಬೃಹತ್ ನೇಯ್ಗೆಚಿತ್ರ 1962ರಲ್ಲಿ ಬೆಳಕು ಕಂಡಿತು. ಆದರೆ ಚರ್ಚಿಲ್‌ನ ಚಿತ್ರವನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ.

ಕಾರಣ ಹೊರಬಿದ್ದದ್ದು 1978ರಲ್ಲಿ, ಚರ್ಚಿಲ್‌ನ ಹೆಂಡತಿ ಕ್ಲೆಮೆಂಟೈನ್ ತೀರಿಕೊಂಡ ಮರುವರ್ಷ. ಗಂಡನ ಸಂಕಟ ನೋಡಲಾರದೆ ಆಕೆ ಎಷ್ಟೋ ಹಿಂದೆಯೇ ಚಿತ್ರವನ್ನು ನಾಶ ಮಾಡಿಸಿದ್ದಳು. ಆಪ್ತ ಕಾರ್ಯದರ್ಶಿ ತನ್ನ ಅಣ್ಣತಮ್ಮಂದಿರಲ್ಲೊಬ್ಬನ ಜೊತೆ ಅದನ್ನು ರಾತ್ರಿ ಸಾಗಿಸಿ, ಅವನ ಮನೆಯ ಹಿತ್ತಲಲ್ಲಿ ಸುಟ್ಟಳೆಂಬ ವಿವರ ಇನ್ನೂ ಎಷ್ಟೋ ಕಾಲದ ಮೇಲೆ ತಿಳಿಯಿತು. ಬದುಕಿದ್ದ ಸದರ್ಲೆಂಡ್ ಅದನ್ನು ಧ್ವಂಸಕೃತ್ಯವೆಂದು ಕರೆದ. 1980ರಲ್ಲಿ ಅವನೂ ಹೋದ.

ಚಾರ್ಟ್‌ವೆಲ್‌ನಲ್ಲಿ ಕೂತು ಅವನು ಬರೆದಿದ್ದ ಕರಡು ಚಿತ್ರಗಳಿಗೆ ಆ ಬೆಂಕಿ ತಾಗಲಿಲ್ಲ. ಚರ್ಚಿಲ್‌ನ ತಲೆ, ಕೈಗಳ ಆ ಅಭ್ಯಾಸಗಳಲ್ಲಿ ಕೆಲವು ಲಂಡನ್ನಿನ ಭಾವಚಿತ್ರ ಗ್ಯಾಲರಿಯಲ್ಲಿವೆ, ಕೆಲವು ಕೆನಡಾದ ಫ್ರೆಡೆರಿಕ್ಟನ್ ಊರಿನಲ್ಲಿವೆ. 2024ರ ಜೂನ್‌ನಲ್ಲಿ ಅಂಥದೊಂದು ತೈಲಚಿತ್ರ ಲಂಡನ್ನಿನ ಹರಾಜಿಗೆ ಬಂದಾಗ ಆರೂವರೆ ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು.