29 ನಿಮಿಷದ ಲೆಕ್ಕ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಿಂದ ಬಂದು ನಮ್ಮಲ್ಲಿ ಓದುತ್ತಿರುವ ವಿದ್ಯಾರ್ಥಿಯೊಬ್ಬನು ಈಚೆಗೆ ಒಂದು ಪ್ರಶ್ನೆಯನ್ನು ಹೊತ್ತು ತಂದನು. ಅವನ ಅಜ್ಜನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಹೋಗಬೇಕಾಗಿತ್ತು. ಎಂಟೊಂಬತ್ತು ಗಂಟೆಗಳ ಕಾಲ ಬಸ್ಸಿನಲ್ಲಿ ಕುಳಿತಿರಲು ಆ ವೃದ್ಧರ ಬೆನ್ನು ಒಪ್ಪದು. ಶಿವಮೊಗ್ಗದ ಬಳಿ ಸೋಗಾನೆಯಲ್ಲಿ 2023ರಲ್ಲಿ ವಿಮಾನನಿಲ್ದಾಣವು ತೆರೆದಿದೆಯಷ್ಟೆ. ಅಲ್ಲಿಂದ ಹಾರಿಹೋದರೆ ಹೇಗೆಂದು ಮನೆಯಲ್ಲಿ ಮಾತು ನಡೆದಿತ್ತು. ಹುಡುಗನು ನಾವು ಕಲಿಸಿದ ಸೂತ್ರದಿಂದಲೇ ಲೆಕ್ಕ ಹಾಕಿದನು: 29 ನಿಮಿಷ. ವೇಳಾಪಟ್ಟಿಯಾದರೋ ಒಂದು ಗಂಟೆಗೂ ಮಿಗಿಲಾಗಿ ಹೇಳುತ್ತಿತ್ತು. ‘ಇವೆರಡರಲ್ಲಿ ತಪ್ಪಾವುದು?’ ಎಂದು ಕೇಳಿದನು.

ಅವನ ಗಣಿತದಲ್ಲಿ ದೋಷವಿರಲಿಲ್ಲ. ದೇವನಹಳ್ಳಿಯ ವಿಮಾನನಿಲ್ದಾಣವು ಸೋಗಾನೆಗಿಂತ ಸುಮಾರು 2.1 ಡಿಗ್ರಿ ಪೂರ್ವಕ್ಕೂ 0.66 ಡಿಗ್ರಿ ದಕ್ಷಿಣಕ್ಕೂ ಇದೆ. ನಮ್ಮ ಅಕ್ಷಾಂಶದಲ್ಲಿ ರೇಖಾಂಶದ ಒಂದು ಡಿಗ್ರಿಯೆಂದರೆ 108 ಕಿಲೊಮೀಟರು. ಅಕ್ಷಾಂಶದ ಒಂದು ಡಿಗ್ರಿಯೆಂದರೆ 111. ಹೀಗೆ ದೊರೆತ 227 ಮತ್ತು 73 ಕಿಲೊಮೀಟರುಗಳನ್ನು ಲಂಬಕೋನ ತ್ರಿಭುಜದ ಎರಡು ಭುಜಗಳೆಂದು ಎಣಿಸಿದರೆ ಕರ್ಣವು ಸುಮಾರು 240 ಕಿಲೊಮೀಟರು. ಈ ಮಾರ್ಗದಲ್ಲಿ ಹಾರಾಟ ಆರಂಭಿಸಿದ ಎ.ಟಿ.ಆರ್. 72 ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೊಮೀಟರು. ಭಾಗಿಸಿದರೆ 29 ನಿಮಿಷವೇ ಸರಿ.

ಆದರೆ ವಿಮಾನವು ಬಿಲ್ಲಿನಿಂದ ಬಿಟ್ಟ ಬಾಣವಲ್ಲ. ಐದು ಕಿಲೊಮೀಟರು ಎತ್ತರಕ್ಕೆ ಏರಲು ಅದಕ್ಕೆ ಕಾಲು ಗಂಟೆ ಬೇಕೆನ್ನಿ, ಇಳಿಯಲೂ ಅಷ್ಟೇ. ಆಗಿನ ಸರಾಸರಿ ವೇಗವನ್ನು 350 ಎಂದು ಹಿಡಿದರೆ ಏರುವುದರಲ್ಲಿ 87, ಇಳಿಯುವುದರಲ್ಲಿ 87 ಕಿಲೊಮೀಟರು ಕಳೆದವು. ಉಳಿದದ್ದು ಕೇವಲ 66! ನಮ್ಮ ಸೂತ್ರವು ನಂಬಿದ್ದ ಪೂರ್ಣವೇಗವು ಆಯುಷ್ಯ ಕಂಡದ್ದು ಎಂಟೇ ನಿಮಿಷ. ಇಷ್ಟಕ್ಕೆ 38 ನಿಮಿಷವಾಯಿತು. ವೇಳಾಪಟ್ಟಿಯ ಗಡಿಯಾರವು ಓಡತೊಡಗುವುದು ವಿಮಾನವು ನೆಲ ಬಿಟ್ಟಾಗಲ್ಲ, ನಿಂತ ಜಾಗದಿಂದ ಕದಲಿದಾಗ. ರನ್‌ವೇವರೆಗೆ ಉರುಳುವುದು, ಸರದಿ ಕಾಯುವುದು, ಗಾಳಿಗೆ ಎದುರಾಗಿ ಇಳಿಯಲು ಬಳಸಿ ಬರುವುದು, ಮತ್ತೆ ಉರುಳಿ ನಿಲ್ಲುವುದು, ಇವೆಲ್ಲವೂ ಅದರೊಳಗೇ ಸೇರುತ್ತವೆ. ಗಾಳಿಯನ್ನೇ ದೂರುವವರುಂಟು; ಆದರೆ ಗಂಟೆಗೆ 40 ಕಿಲೊಮೀಟರು ವೇಗದ ಎದುರುಗಾಳಿಯೂ ಇಲ್ಲಿ ಕಸಿಯುವುದು ಎರಡು ಮೂರು ನಿಮಿಷ ಮಾತ್ರ.

ದೂರವು ಹೆಚ್ಚಿದಷ್ಟೂ ಸೂತ್ರವು ಸತ್ಯಕ್ಕೆ ಸಮೀಪವಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್‌ಫ್ರಾನ್ಸಿಸ್ಕೊದಿಂದ ಉತ್ತರಧ್ರುವದ ಮೇಲಾಗಿ ಬೆಂಗಳೂರಿಗೆ ಬಂದಿತು. (ಭೂಮಿಯ ದುಂಡುತನದಿಂದಾಗಿ ಅದೇ ಹತ್ತಿರದ ದಾರಿ, ಲಂಬಕೋನ ತ್ರಿಭುಜದ ಆಟ ಅಲ್ಲಿ ನಡೆಯದು.) ಸುಮಾರು 14,000 ಕಿಲೊಮೀಟರಿಗೆ ಸುಮಾರು 17 ಗಂಟೆ, ಅಂದರೆ ಗಂಟೆಗೆ 820 ಕಿಲೊಮೀಟರು. ಆ ಬೋಯಿಂಗ್ 777ರ ಪೂರ್ಣವೇಗ 900ರಷ್ಟು. ಶಿವಮೊಗ್ಗದ ದಾರಿಯಲ್ಲಿ 500 ಇದ್ದದ್ದು 200ರ ಸುತ್ತಮುತ್ತ ಇಳಿಯುತ್ತದೆ!

ಇನ್ನು ಕುಪ್ಪಗಡ್ಡೆಯ ಲೆಕ್ಕ. ಮನೆಯಿಂದ ಸೋಗಾನೆಗೆ ರಸ್ತೆಯಲ್ಲಿ ಎರಡೂವರೆ ಗಂಟೆ, ನಿಲ್ದಾಣದಲ್ಲಿ ಒಂದು ಗಂಟೆ ಕಾಯುವಿಕೆ, ಹಾರಾಟ ಒಂದೂಕಾಲು, ದೇವನಹಳ್ಳಿಯಿಂದ ಊರೊಳಕ್ಕೆ ಒಂದೂಕಾಲು: ಒಟ್ಟು ಆರು ಗಂಟೆ. ಬಸ್ಸಿಗಿಂತ ಉಳಿತಾಯವು ಎರಡು ಮೂರು ಗಂಟೆ. ಆದರೆ ಆರರಲ್ಲಿ ಸುಮಾರು ನಾಲ್ಕು ಗಂಟೆ ಮತ್ತದೇ ರಸ್ತೆಯ ಕುಲುಕಾಟ.

ಹುಡುಗನು ಈ ಕಾಗದವನ್ನು ಮನೆಗೆ ಒಯ್ದನು. ಅಜ್ಜನು ಅದನ್ನು ಓದಿಸಿ ಕೇಳಿ, ಇವುಗಳಲ್ಲಿ ಮಲಗಲು ಅವಕಾಶವಿರುವುದು ಯಾವುದರಲ್ಲಿ ಎಂದು ಮಾತ್ರ ವಿಚಾರಿಸಿದರಂತೆ. ಕಡೆಗೆ ಅವರು ಸಾಗರಕ್ಕೆ ಬಂದು, ತಾಳಗುಪ್ಪದಿಂದ ಹೊರಡುವ ರಾತ್ರಿಯ ರೈಲಿನಲ್ಲಿ ಮಲಗಿಕೊಂಡೇ ಬೆಂಗಳೂರು ಸೇರಿದರು.