ನೆರಡಿ ರೋಗಾಣುವಿನ ಎರಡು ಬಳೆ



ನಮ್ಮಲ್ಲಿ ಅನೇಕರ ಮನೆಯ ಜಗಲಿಗೆ ಶಹಾಬಾದ್ ಕಲ್ಲು ಹಾಸಿದೆ. ಅದು ಬರುವ ಸೀಮೆಯನ್ನು ಕಂಡವರು ಮಾತ್ರ ಕಡಿಮೆ. ಕಳೆದ ವರ್ಷ ಒಂದು ಮದುವೆಗೆಂದು ವಾಡಿ ಜಂಕ್ಷನ್ನಿನಲ್ಲಿ ಇಳಿದು, ಚಿತ್ತಾಪುರ, ಸೇಡಂ ಹಾದು ಚಿಂಚೋಳಿಗೆ ಹೋಗಿದ್ದೆ. ಸುಣ್ಣಕಲ್ಲಿನ ನೆಲ, ತೊಗರಿ ಹೊಲ, ಸಿಮೆಂಟ್ ಕಾರ್ಖಾನೆಗಳು. ಸೇಡಂ ಬಳಿ ದನ ಕಾಯುತ್ತಿದ್ದ ಹಿರಿಯರೊಬ್ಬರು, “ಬ್ಯಾಸಿಗ್ಯಾಗ ದನ ನೆಲ ಕೆರದು ಮೇಯ್ತಾವ್ರಿ, ಹುಲ್ಲಿಗಿಂತ ಮಣ್ಣೇ ಹೆಚ್ಚು ಹೊಟ್ಟಿಗಿ ಹೋಗ್ತದ” ಎಂದರು.

ಆ ಮಾತು ನನಗೆ ನೆರಡಿ ರೋಗವನ್ನು, ಅಂದರೆ ಅಂತ್ರಾಕ್ಸನ್ನು ನೆನಪಿಸಿತು. ಆ ಸೀಮೆಯಲ್ಲಿ ಈಗ ರೋಗವಿದೆ ಎಂದು ನನ್ನ ಮಾತಲ್ಲ. ಆದರೆ ಇದರ ಬೀಜಾಣುಗಳು ಸುಣ್ಣದ ಅಂಶವುಳ್ಳ ಕ್ಷಾರ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಿರಬಲ್ಲವು. ದನ ಮಣ್ಣಿನೊಡನೆ ಅವನ್ನು ನುಂಗುತ್ತದೆ. ನಮ್ಮ ಮಲೆನಾಡಿನ ಹುಳಿ ಮಣ್ಣು ಅವಕ್ಕೆ ಅಷ್ಟು ಹಿತವಲ್ಲ, ನಿಜ. ಆದರೆ ಬಯಲುಸೀಮೆಯ ಎತ್ತು, ಕುರಿಗೊಬ್ಬರ, ಮೂಳೆಹುಡಿ ನಮ್ಮ ತೋಟಕ್ಕೂ ಬರುತ್ತವಲ್ಲ!

1876ರಲ್ಲಿ ರಾಬರ್ಟ್ ಕಾಖ್ ಈ ರೋಗಾಣುವೇ ರೋಗಕ್ಕೆ ಕಾರಣವೆಂದು ತೋರಿಸಿದರು. ತೊಡಕೆಂದರೆ, ಮಣ್ಣಿನಲ್ಲಿ ಇದರ ದಾಯಾದಿಗಳೂ ಇವೆ; ನೋಡಲು ಹೆಚ್ಚುಕಡಿಮೆ ಒಂದೇ. ಕೊಲ್ಲುವ ಶಕ್ತಿ ಇರುವುದು ಬಳೆಯಾಕಾರದ ಎರಡು ವಂಶವಾಹಿ ತುಣುಕುಗಳಲ್ಲಿ. ಒಂದು ಬಳೆ ವಿಷವನ್ನು ಮಾಡಿಸುತ್ತದೆ. ಇನ್ನೊಂದು ರೋಗಾಣುವಿನ ಸುತ್ತ ಕವಚ ಕಟ್ಟಿಸುತ್ತದೆ; ಕವಚವಿದ್ದರೆ ದನದ ರಕ್ತದ ಬಿಳಿಕಣಗಳಿಗೆ ಅದನ್ನು ನುಂಗಲಾಗದು. ಪಿ.ಸಿ.ಆರ್. ಪರೀಕ್ಷೆ ಹುಡುಕುವುದು ಈ ಎರಡು ಬಳೆಗಳ ಗುಣಾಣುಗಳನ್ನೇ. ಪ್ರತಿ ಸುತ್ತಿನಲ್ಲೂ ಗುಣಾಣುವಿನ ತುಣುಕು ಇಮ್ಮಡಿಯಾಗುತ್ತ, 30 ಸುತ್ತಿಗೆ ಒಂದು ಸುಮಾರು 100 ಕೋಟಿಯಾಗಬಲ್ಲದು. ದಿನಗಳ ಕೆಲಸ ಗಂಟೆಗಳಲ್ಲಿ ಮುಗಿಯುತ್ತದೆ.

ಇನ್ನೊಂದು ಸ್ವಾರಸ್ಯ. 1937ರಲ್ಲಿ ದಕ್ಷಿಣ ಆಫ್ರಿಕದ ಮ್ಯಾಕ್ಸ್ ಸ್ಟರ್ನ್ ಪ್ರಕಟಿಸಿದ ಲಸಿಕೆಯ ತಳಿಯಲ್ಲಿ ಕವಚದ ಬಳೆ ಇಲ್ಲ. ಆದ್ದರಿಂದ ವಿಷದ ಗುಣಾಣು ಮಾತ್ರ ಸಿಕ್ಕು ಕವಚದ್ದು ಸಿಗದಿದ್ದರೆ, ಅದು ಲಸಿಕೆಯ ತಳಿಯಿರಬಹುದು ಎಂಬ ಸುಳಿವು ಸಿಗುತ್ತದೆ.

ಪರೀಕ್ಷೆ ಎಷ್ಟೇ ಚುರುಕಾಗಿದ್ದರೂ ಮೊದಲ ಕೆಲಸ ನಮ್ಮದೇ. ಹಲವು ವರ್ಷಗಳ ಹಿಂದೆ ನನ್ನ ಕೊಟ್ಟಿಗೆಯ ಎತ್ತೊಂದು ರಾತ್ರಿ ಬೆಳಗಾಗುವುದರೊಳಗೆ ಸತ್ತಿತ್ತು. ಡಿಗ್ರಿ ಓದಿದವನೆಂಬ ಹಮ್ಮಿನಲ್ಲಿ, ಕಾರಣ ನೋಡೋಣವೆಂದು ಆಳುಗಳಿಂದ ಹೊಟ್ಟೆ ಕೊಯ್ಯಿಸಿದೆ. ಅದು ನೆರಡಿಯಾಗಿರಲಿಲ್ಲ, ನಮ್ಮ ಪುಣ್ಯ. ಆಗಿದ್ದರೆ ಆಳುಗಳಿಗೂ ತಗಲುತ್ತಿತ್ತು, ಅಂಗಳವೂ ಕೆಡುತ್ತಿತ್ತು. ಹೆಣ ಮುಚ್ಚಿಯೇ ಇದ್ದರೆ ಒಳಗಿನ ರೋಗಾಣುಗಳು ಕೊಳೆತದಲ್ಲಿ ಕೆಲವು ದಿನಗಳಲ್ಲೇ ಸಾಯುತ್ತವೆ. ಕೊಯ್ದು ಗಾಳಿ ತಗುಲಿಸಿದರೆ ಬೀಜಾಣುವಾಗಿ ಉಳಿಯುತ್ತವೆ.

ದನ ದಿಢೀರನೆ ಸತ್ತು, ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ಚರ್ಮ ಸುಲಿಯಬೇಡಿ, ನಾಯಿ ಮುಟ್ಟದಂತೆ ಕಾವಲಿಡಿ, ಪಶುವೈದ್ಯರಿಗೆ ಹೇಳಿಕಳುಹಿಸಿ. ಅವರು ಕಿವಿಯ ರಕ್ತನಾಳದಿಂದ ತೆಗೆಯುವ ಒಂದೆರಡು ಹನಿ ಪರೀಕ್ಷೆಗೆ ಸಾಕು. ಉಳಿದ ದನಗಳಿಗೆ ಲಸಿಕೆಯನ್ನೂ ಅವರೇ ನಿರ್ಧರಿಸಲಿ. ಅದು ಜೀವಂತ ಲಸಿಕೆ, ಜೊತೆಗೇ ಪೆನಿಸಿಲಿನ್ ಚುಚ್ಚಿಸಿದರೆ ವ್ಯರ್ಥ.

ಹೂಳುವ ಗುಂಡಿಗೆ ಸುಣ್ಣ ಸುರಿಯುವುದು ನಮ್ಮ ವಾಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಕೈಪಿಡಿ ನೆರಡಿಗೆ ಅದು ಬೇಡವೆನ್ನುತ್ತದೆ: ಸುಣ್ಣವೇ ಬೀಜಾಣುವನ್ನು ಕಾಪಾಡೀತು. ಅನುಕೂಲವಿದ್ದಲ್ಲಿ ಹೆಣವನ್ನು ಪೂರ್ತಿ ಸುಡುವುದೇ ಮೇಲು.